ಪೂರ್ವಕಥೆ ಮತ್ತು ಎದುರು ಪಾತ್ರ: ತಾಳಮದ್ದಳೆ ಹಾಗೂ ರೋಲ್‌ಪ್ಲೇಯಿಂಗ್ ವಿಡಿಯೊ ಗೇಮ್‌ಗಳ ಕಥನ

ರೋಲ್‌ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ ಆಟ ಶುರುವಾಗುವ ಹೊತ್ತಿಗೇ ಪಾತ್ರಕ್ಕೊಂದು ಪೂರ್ವಕಥೆ ಇರುತ್ತದೆ: ಹುಟ್ಟಿದ ಕುಲ, ಬೆಳೆದ ಊರು, ಬಿಟ್ಟುಬಂದ ಕಸುಬು. ಈ ಪ್ರಕಾರದ ಮೂಲ 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ಆ ಮೇಜಿನಾಟದಲ್ಲಿ ಆಟಗಾರ ಹೇಳಿಕೊಂಡ ಹಿನ್ನೆಲೆಗೆ ಎದುರು ಕೂತ ನಿರೂಪಕ ಅಲ್ಲೇ ಉತ್ತರ ಕಟ್ಟುತ್ತಾನೆ. ವಿಡಿಯೊ ಗೇಮಿನಲ್ಲಾದರೆ ಪ್ರತಿ ಉತ್ತರವನ್ನೂ ಮೊದಲೇ ಬರೆದಿಡಬೇಕು, ಎಷ್ಟೋ ಸಲ ನಟರಿಂದ ಹೇಳಿಸಿ ಧ್ವನಿಮುದ್ರಿಸಬೇಕು. ಪೂರ್ವಕಥೆ ಎಷ್ಟು ದೂರ ನಡೆದೀತು ಎಂಬುದು ಈ ಖರ್ಚಿನ ಮೇಲೂ ನಿಂತಿದೆ.

ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ತಾಳಮದ್ದಳೆ ಬಹಳ ಹಿಂದೆಯೇ ಎದುರಿಸಿದೆ. ಕರಾವಳಿ, ಮಲೆನಾಡು, ಕಾಸರಗೋಡುಗಳ ಈ ಕಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಆಶುವಾಗಿ ಅರ್ಥ ಹೇಳುತ್ತಾನೆ. ಪೀಠಿಕೆಯಲ್ಲಿ ಪಾತ್ರ ತನ್ನ ಹಿಂದುಮುಂದನ್ನು ತಾನೇ ಬಿಚ್ಚಿಡುತ್ತದೆ. ಕರ್ಣನ ಬದುಕು ಎಲ್ಲರಿಗೂ ಗೊತ್ತಿರುವುದೇ. ಆದರೆ ಪೀಠಿಕೆಯನ್ನು ರಾಧೆಯ ಮಡಿಲಿನಿಂದ ತೊಡಗುವುದೋ, ಪರಶುರಾಮರ ಶಾಪದಿಂದಲೋ, ಕೌರವ ಕೊಟ್ಟ ಅಂಗರಾಜ್ಯದ ಋಣದಿಂದಲೋ ಎಂಬುದು ಅರ್ಥಧಾರಿಗೆ ಬಿಟ್ಟ ವಿಷಯ. ಋಣವನ್ನು ಮುಂದಿಟ್ಟ ಕರ್ಣನಿಗೆ ಕೃಷ್ಣ ಹೇಳುವ ಮಾತು ಬೇರೆ, ಸೂತನೆಂಬ ಅವಮಾನವನ್ನು ಮುಂದಿಟ್ಟವನಿಗೆ ಹೇಳುವ ಮಾತೇ ಬೇರೆ. ಪ್ರಸಂಗದ ಪದಗಳು ಮಾತ್ರ ಅವೇ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಪ್ರತಿನಾಯಕರ ಪಾತ್ರಗಳಿಗೂ ತರ್ಕಬದ್ಧ ಸಮರ್ಥನೆ ಕಟ್ಟಿ ಹೆಸರಾದದ್ದು ಈ ಸ್ವಾತಂತ್ರ್ಯದ ಬಲದಿಂದ.

ಹಿನ್ನೆಲೆಯ ಅರ್ಥ ಕೇಳುವವರನ್ನು ಅವಲಂಬಿಸುವುದು ಕಲೆಯಲ್ಲಷ್ಟೇ ಅಲ್ಲ. ಕೊಡಗಿನ ಗಡಿಯೂರು ಶಿರಂಗಾಲ ಕಾವೇರಿಯ ದಂಡೆಯಲ್ಲಿದೆ. ಗಡಿ ದಾಟಿದರೆ ಹಾಸನ ಜಿಲ್ಲೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ 1956ರವರೆಗೆ ಅದು ರಾಜ್ಯದ ಗಡಿಯೂ ಹೌದು. ಅಲ್ಲಿನವನೊಬ್ಬ ಮಡಿಕೇರಿಯಲ್ಲಿ ಬಯಲಿನವ ಎನಿಸಿಕೊಂಡರೆ, ಹಾಸನದ ಕಡೆಯ ಕೊಣನೂರಿನ ಸಂತೆಯಲ್ಲಿ ಕೊಡಗಿನವ.

ಕೆನಡಾದ ಬಯೋವೇರ್ 2009ರಲ್ಲಿ ತಂದ ಡ್ರ್ಯಾಗನ್ ಏಜ್: ಒರಿಜಿನ್ಸ್ ಈ ಸಾಪೇಕ್ಷತೆಯನ್ನೇ ರಚನೆಯಾಗಿಸಿತು. ಅದರಲ್ಲಿ ಆರು ಆರಂಭಗಳಿವೆ. ಕುಬ್ಜರ ನಗರ ಆರ್ಜಮಾರ್‌ನ ಸಿಂಹಾಸನಕ್ಕೆ ಬೆಲೆನ್, ಹ್ಯಾರೋಮಾಂಟ್ ಇಬ್ಬರೂ ಹೋರಾಡುತ್ತಿರುತ್ತಾರೆ. ಯಾರನ್ನು ಬೆಂಬಲಿಸಬೇಕೆಂದು ಆಟಗಾರ ತೀರ್ಮಾನಿಸಬೇಕು. ಹೊರಗಿನಿಂದ ಬಂದ ಪಾತ್ರಕ್ಕೆ ಇದು ಯಾರದೋ ಮನೆಯ ಜಗಳ. ರಾಜಮನೆತನದ ಕುಬ್ಜನಾಗಿ ಹೊರಟವನಿಗೆ ಬೆಲೆನ್ ಒಡಹುಟ್ಟಿದ ತಮ್ಮ, ಅಣ್ಣನ ಕೊಲೆಯನ್ನು ತನ್ನ ತಲೆಗೆ ಕಟ್ಟಿ ಗಡೀಪಾರು ಮಾಡಿಸಿದ ದ್ರೋಹಿ. ಕೆಳಕುಲದಿಂದ ಹೊರಟವನಿಗಾದರೆ ಸ್ವಂತ ಅಕ್ಕನನ್ನು ಅರಮನೆಗೆ ಸೇರಿಸಿಕೊಂಡವನೂ ಅವನೇ. ಘಟನೆ ಒಂದೇ ಆದರೂ ತೀರ್ಮಾನದ ಭಾರ ಮೂರು ಬಗೆ.

ಸೈಬರ್‌ಪಂಕ್ 2077 (2020) ಅಷ್ಟು ದೂರ ಹೋಗಲಿಲ್ಲ. ಅಲೆಮಾರಿ, ಬೀದಿಯ ಹುಡುಗ, ಕಂಪನಿ ನೌಕರ ಎಂಬ ಮೂರು ದಾರಿಗಳು ಪೀಠಿಕೆ ಮುಗಿದೊಡನೆ ಒಂದಾಗುತ್ತವೆ. ಆಮೇಲೆ ಬಹುಮಟ್ಟಿಗೆ ಉಳಿಯುವುದು ಸಂಭಾಷಣೆಯಲ್ಲಿ ಅಲ್ಲಲ್ಲಿ ಒಂದು ಹೆಚ್ಚಿನ ಸಾಲು. ಆಟದ ಬೇರೆ ಗುಣಗಳೇನೇ ಇರಲಿ, ಪೂರ್ವಕಥೆಯ ಮಟ್ಟಿಗೆ ಇದು ಪದ ಎತ್ತಿ ಅರ್ಥ ಹೇಳದೆ ಬಿಟ್ಟಂತೆ.

ಡಿಸ್ಕೋ ಎಲಿಸಿಯಂ (2019) ಖರ್ಚಿನ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿತು. ಪೂರ್ವಕಥೆ ಒಂದೇ, ಆದರೆ ಎಚ್ಚರಗೊಂಡ ಪತ್ತೇದಾರನಿಗೆ ತನ್ನ ಹೆಸರೂ ನೆನಪಿಲ್ಲ. ಮುರಿದ ಕಿಟಕಿಯ ಲೆಕ್ಕವನ್ನೂ ಕೋಣೆಯ ಬಾಡಿಗೆಯನ್ನೂ ಹೋಟೆಲಿನ ಮ್ಯಾನೇಜರು ಕೇಳಿದಾಗಲೇ ತಾನೇನು ಮಾಡಿದ್ದೆನೆಂದು ಅವನಿಗೆ ತಿಳಿಯತೊಡಗುವುದು. ತಾಳಮದ್ದಳೆಯ ಕರ್ಣಭೇದನ ಪ್ರಸಂಗದಲ್ಲೂ ಹೀಗೆಯೇ: ಜನ್ಮವೃತ್ತಾಂತ ಗೊತ್ತಿರುವುದು ಎದುರು ಕೂತ ಕೃಷ್ಣನಿಗೆ, ಕರ್ಣನಿಗಲ್ಲ.