ಬಿರುಕು ಬಿಟ್ಟ ಬ್ಲಾಕ್: ಹೊಲಿಯೋದಾ, ಗುಜರಿಗೆ ಹಾಕೋದಾ?

1.
2021ರ ನವೆಂಬರ್ 21ರ ರಾತ್ರಿ ಸುರಿದ ಮಳೆಗೆ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬೇಕು. ಜನರನ್ನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ಕರ್ಕೊಂಡು ಬಂದ್ರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಜಾಗ, ಮತ್ತೆ ದೋಣಿ. ಟಿವಿಯಲ್ಲಿ ದೋಣಿ ಬಂತು. ನೀರಿಳಿದ ಮೇಲೆ ಪಾರ್ಕಿಂಗ್‌ನಲ್ಲಿ ಶುರುವಾಗೋ ಕಥೆ ಮಾತ್ರ ಯಾರೂ ತೋರಿಸಲ್ಲ.

ಮುಳುಗಿದ್ದ ಕಾರು ಕಂಡ ತಕ್ಷಣ ಎಲ್ಲರ ಕೈ ಹೋಗೋದು ಕೀ ಕಡೆಗೆ. ಅದೊಂದನ್ನ ಮಾಡಬಾರದು. ಯಾಕೆ ಅಂತ ಸಣ್ಣ ಲೆಕ್ಕ ನೋಡಿ. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಅಂದ್ರೆ ಒಂದೊಂದಕ್ಕೆ 300 ಸಿಸಿ. ಕಂಪ್ರೆಷನ್ ರೇಶಿಯೋ 11 ಇದ್ರೆ, ಪಿಸ್ಟನ್ ಮೇಲೆ ಬಂದು ನಿಂತಾಗ ಅದರ ತಲೆ ಮೇಲೆ ಉಳಿಯೋ ಜಾಗ 30 ಸಿಸಿ. ಎರಡು ಟೇಬಲ್ ಚಮಚ! ಬೈಟು ಕಾಫಿಯಲ್ಲಿ ನಿಮ್ಮ ಪಾಲಿಗೆ ಬರೋದು ಅದಕ್ಕಿಂತ ಜಾಸ್ತಿ. ಗಾಳಿಯನ್ನ ಒತ್ತಬಹುದು, ನೀರನ್ನ ಆಗಲ್ಲ. ನಿಂತ ಗಾಡಿಯಲ್ಲಿ ಸ್ಟಾರ್ಟರ್ ತಿರುಗಿಸಿದ್ರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಓಡ್ತಿರೋ ಎಂಜಿನ್ ಅಂಡರ್‌ಪಾಸ್‌ನಲ್ಲಿ ನೀರು ಕುಡಿದ್ರೆ ಆ ರಾಡ್ ಮುರಿದು ಬ್ಲಾಕಿನ ಗೋಡೆಯನ್ನೇ ಒಡ್ಕೊಂಡು ಆಚೆ ಬರಬಹುದು.

ಆಮೇಲೆ ಗ್ಯಾರೇಜಿನಲ್ಲಿ ಒಂದೇ ಪ್ರಶ್ನೆ: ರಿಪೇರಿನಾ, ಹೊಸದಾ? ಇದು ಇವತ್ತಿನ ಪ್ರಶ್ನೆ ಅಲ್ಲ, ನೂರು ವರ್ಷಕ್ಕಿಂತ ಹಳೇದು. ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಯಾವ ಕಾಲಕ್ಕೆ ಏನು ಸಿಗ್ತಿರಲಿಲ್ಲವೋ ಅದೇ ಆ ಉತ್ತರವನ್ನ ತೀರ್ಮಾನಿಸಿದೆ ಅನ್ನೋದು ನನ್ನ ವಾದ.

2.
ಬ್ಲಾಕ್ ಒಡೆಯೋಕೆ ಪ್ರವಾಹವೇ ಬೇಕಿಲ್ಲ. ಚಳಿ ದೇಶಗಳಲ್ಲಿ ಎಂಜಿನ್ ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತೆ. ನಮ್ಮಲ್ಲಿ ಆ ಭಯ ಇಲ್ಲ, ಬಿಸಿಯದ್ದು ಇದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕ್ತಾ ಹೋದ್ರೆ, ಬಿಂದಿಗೆ ತಳದಲ್ಲಿ ಕಟ್ಟೋ ಬಿಳೀ ಪದರವೇ ವಾಟರ್ ಜಾಕೆಟ್ ಒಳಗೂ ಕಟ್ಟುತ್ತೆ. ಅಲ್ಲಿ ಶಾಖ ಹೊರಗೆ ಹೋಗಲ್ಲ. ಎಂಜಿನ್ ಕುದಿಯುತ್ತೆ, ಗಾಬರಿಯಲ್ಲಿ ಯಾರೋ ತಣ್ಣೀರು ಸುರೀತಾರೆ, ಟಪ್!

ಹಳೇ ಬ್ಲಾಕುಗಳು ಬೀಡುಕಬ್ಬಿಣದವು. ಅದರೊಳಗೆ ಇಂಗಾಲ ತೆಳುವಾದ ಚಕ್ಕೆಗಳಾಗಿ ಕೂತಿರುತ್ತೆ. ಎರಕ ಹೊಯ್ಯೋಕೆ ಸುಲಭ, ಸವೆತ ತಡೆಯುತ್ತೆ, ಆದರೆ ಎಳೆತ ತಡೆಯಲ್ಲ. ಒಂದೇ ಕಡೆ ಬಿಸಿ ಮಾಡಿ ವೆಲ್ಡಿಂಗ್ ಹೊಡೆದ್ರೆ ಆರುವಾಗ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತೆ. ಮಣ್ಣಿನ ಮಡಕೆ ಸ್ವಭಾವ ಅಂದ್ಕೊಳ್ಳಿ.

ಬಿರುಕು ಹುಡುಕೋ ಹಳೇ ವಿಧಾನ ನನಗೆ ತುಂಬಾ ಇಷ್ಟ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸೋದು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಗೆರೆ ಬರೆಯುತ್ತೆ. ಎರಡೂ ‘ಸೀಮೆ’ಯಿಂದ ಬಂದ ಸಾಮಾನು, ಗಮನಿಸಿದ್ರಾ?

3.
ಈಗ 1917ಕ್ಕೆ ಬನ್ನಿ, ಅಮೆರಿಕದ ಬಂದರುಗಳಿಗೆ. ಕಾರಲ್ಲ, ಹಡಗು. ಆದರೆ ಸಮಸ್ಯೆ ಅದೇ: ಒಡೆದ ಬೀಡುಕಬ್ಬಿಣ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ ದೊಡ್ಡ ದೊಡ್ಡ ಪ್ರಯಾಣಿಕ ಹಡಗುಗಳು ನ್ಯೂಯಾರ್ಕ್ ಮೊದಲಾದ ಬಂದರುಗಳಲ್ಲಿ ಸಿಕ್ಕಿಹಾಕ್ಕೊಂಡ್ವು. ಆಗ ಅಮೆರಿಕ ತಟಸ್ಥ. 1917ರ ಹೊತ್ತಿಗೆ ಅದೂ ಯುದ್ಧಕ್ಕೆ ಇಳಿಯೋ ಲಕ್ಷಣ ಕಂಡಾಗ ಜರ್ಮನ್ ಸಿಬ್ಬಂದಿ ತಮ್ಮ ಹಡಗುಗಳ ಎಂಜಿನ್ನುಗಳನ್ನ ತಾವೇ ಹಾಳು ಮಾಡಿದ್ರು. ಆಳೆತ್ತರದ ಸ್ಟೀಮ್ ಸಿಲಿಂಡರುಗಳ ಗೋಡೆಗಳನ್ನೇ ಒಡೆದುಹಾಕಿದ್ರು. ಅವರ ಲೆಕ್ಕ ಸರಿಯಾಗೇ ಇತ್ತು: ಒಡೆದ ಬೀಡುಕಬ್ಬಿಣ ಕೂಡಲ್ಲ, ಹೊಸ ಸಿಲಿಂಡರ್ ಎರಕ ಹೊಯ್ದು ಕೂರಿಸೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಯುದ್ಧವೇ ಮುಗಿದಿರುತ್ತೆ.

ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧ ಘೋಷಿಸ್ತು, ಹಡಗುಗಳನ್ನ ವಶಕ್ಕೆ ತಗೊಂಡ್ತು. ಬದಲಾಯಿಸಲೇಬೇಕು ಅನ್ನೋ ಅಭಿಪ್ರಾಯ ಅಮೆರಿಕನ್ನರಲ್ಲೂ ಇತ್ತು. ನೌಕಾಪಡೆ ಮಾತ್ರ ಬೇರೆ ದಾರಿ ಹಿಡೀತು. ಆಗಿನ್ನೂ ಎಳೆಯ ವಿದ್ಯೆಯಾಗಿದ್ದ ಎಲೆಕ್ಟ್ರಿಕ್ ವೆಲ್ಡಿಂಗ್‌ನಿಂದ ಆ ಸಿಲಿಂಡರುಗಳನ್ನ ಇದ್ದ ಜಾಗದಲ್ಲೇ ಕೂಡಿಸ್ತು. ‘ಕೈಸರ್ ವಿಲ್ಹೆಲ್ಮ್ II’ ಅನ್ನೋ ಹಡಗು ‘ಅಗಮೆಮ್ನಾನ್’ ಅಂತ ಹೆಸರು ಬದಲಿಸ್ಕೊಂಡು ಅದೇ ವರ್ಷ ಅಕ್ಟೋಬರ್ ಕೊನೆಗೆ ಅಮೆರಿಕದ ಸೈನಿಕರನ್ನ ಹೊತ್ಕೊಂಡು ಫ್ರಾನ್ಸಿಗೆ ಹೊರಡ್ತು. ಜರ್ಮನ್ನರು ಒಡೆದ ಎಂಜಿನ್ನು, ಜರ್ಮನ್ನರ ಮೇಲೆ ಯುದ್ಧಕ್ಕೆ!

ಹೊಸ ಸಿಲಿಂಡರ್ ಮಾಡಿಸೋಕೆ ಅಮೆರಿಕದ ಹತ್ರ ದುಡ್ಡಿರಲಿಲ್ವಾ? ಇತ್ತು. ಟೈಮ್ ಇರಲಿಲ್ಲ.

ಇನ್ನೊಂದು ವಿದ್ಯೆ 1930ರ ದಶಕದ್ದು, ಅದೂ ಅಮೆರಿಕದ ಎಣ್ಣೆ ಬಾವಿಗಳ ಕಡೆಯಿಂದ ಬಂದದ್ದು. ಅಲ್ಲಿ ಒಂದು ಕಿಡಿ ಹಾರಿದ್ರೂ ಕಥೆ ಮುಗೀತು, ವೆಲ್ಡಿಂಗ್ ಮಾತೇ ಇಲ್ಲ. ಅದಕ್ಕೆ ಬಿರುಕಿಗೆ ಅಡ್ಡಲಾಗಿ ಸಾಲು ತೂತು ಕೊರೆದು, ಲೋಹದ ಬೀಗಗಳನ್ನ ಬಡಿದು ಕೂರಿಸಿ, ಬಿರುಕಿನುದ್ದಕ್ಕೂ ಸ್ಕ್ರೂ ಮೇಲೆ ಸ್ಕ್ರೂ ತುಂಬೋದು. ಬಟ್ಟೆ ಹೊಲಿದ ಹಾಗೇ ಇರುತ್ತೆ, ಹೆಸರೂ ಅದೇ: ಮೆಟಲ್ ಸ್ಟಿಚಿಂಗ್.

4.
ನಮ್ಮೂರಲ್ಲಿ? 1991ರವರೆಗಿನ ಲೈಸೆನ್ಸ್ ಕಾಲದಲ್ಲಿ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅಂಬಾಸಡರ್ ಅಥವಾ ಫಿಯೆಟ್ ಬಿಟ್ರೆ ಹೆಚ್ಚು ಆಯ್ಕೆ ಇರಲಿಲ್ಲ, ಆಮದಿಗೆ ನೂರೆಂಟು ಪರವಾನಗಿ. ಅಂಥಾ ಕಾಲದಲ್ಲಿ 1489 ಸಿಸಿಯ ಅಂಬಾಸಡರ್ ಬ್ಲಾಕ್ ಬಿರುಕು ಬಿಟ್ರೆ ‘ಹೊಸದು ಹಾಕಿ’ ಅನ್ನೋದು ಬಾಯಿಮಾತಷ್ಟೇ. ಸಿಲಿಂಡರ್ ಸವೆದ್ರೆ ರಿಬೋರ್, ಮತ್ತೆ ಸವೆದ್ರೆ ಇನ್ನೊಂದು ಓವರ್‌ಸೈಜ್, ಆಮೇಲೆ ಸ್ಲೀವ್. ಬಿರುಕಿಗೆ ಎರಡೂ ತುದಿಯಲ್ಲಿ ತೂತು ಕೊರೆದು (ಮುಂದಕ್ಕೆ ಹರಿಯದಿರಲಿ ಅಂತ), ಬ್ಲಾಕನ್ನ ಇಡಿಯಾಗಿ ಕಾಯಿಸಿ ನಿಕಲ್ ರಾಡ್‌ನಲ್ಲಿ ವೆಲ್ಡಿಂಗ್.

ಈ ಕೆಲಸಕ್ಕೆ ಬೇಕಾದ ಲೋಕ ಉತ್ತರ ಬೆಂಗಳೂರಲ್ಲೇ ಇತ್ತು ನೋಡಿ. ಲೇತ್ ಮಾಡೋ ಎಚ್‌ಎಂಟಿ 1953ರಲ್ಲಿ ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲಿ ಶುರುವಾಯ್ತು. ಗೊಯೆಟ್ಜೆ ಪಿಸ್ಟನ್ ರಿಂಗ್ ಕಾರ್ಖಾನೆ ಯಲಹಂಕದಲ್ಲಿ. ಸಿಗದೇ ಇದ್ದದ್ದು ಹೊಸ ವಸ್ತು, ಕೈಕೆಲಸ ಅಲ್ಲ. ಇದನ್ನ ‘ಜುಗಾಡ್’ ಅಂತ ನಗೋರನ್ನ ಕಂಡ್ರೆ ನನಗಾಗಲ್ಲ. ಕಾಯಿಸೋಕೆ, ಆರಿಸೋಕೆ ಗಂಟೆಗಟ್ಟಲೆ ತಾಳ್ಮೆ ಬೇಡೋ ಕೆಲಸ ಅದು.

5.
ಹಾಗಂತ ರಿಪೇರಿಯೇ ಯಾವಾಗಲೂ ದೊಡ್ಡದು ಅಂತಲ್ಲ. ಅದೇ ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಕಾರ್ಖಾನೆ ಇದೆ. ಅಲ್ಲಿಗೆ ರೈಲ್ವೆಯ ಸವೆದುಹೋದ, ಕೆಲಸಕ್ಕೆ ಬಾರದ ಗಾಲಿಗಳೂ ಗುಜರಿಯಾಗಿ ಬರ್ತವೆ. ಅವನ್ನ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿನಲ್ಲಿ ಹೊಸ ಗಾಲಿ ಎರಕ ಹೊಯ್ತಾರೆ. ಗಾಲಿ ಬಿರುಕು ಬಿಟ್ರೆ ಹೊಲಿಯೋ ಮಾತೇ ಇಲ್ಲ, ಮೇಲೆ ಸಾವಿರಾರು ಜನರ ಜೀವ ಇರುತ್ತೆ.

ಬ್ಲಾಕಿನಲ್ಲೂ ಹೀಗೇ, ಬಿರುಕು ಎಲ್ಲಿದೆ ಅನ್ನೋದನ್ನ ಮೊದಲು ಕೇಳಿ. ವಾಟರ್ ಜಾಕೆಟ್‌ನ ಹೊರಗೋಡೆಯಲ್ಲಿದ್ರೆ ಹೊಲಿಸಬಹುದು, ಸಿಲಿಂಡರ್ ಒಳಗೋಡೆಗೆ ಕೆಲವೊಮ್ಮೆ ಸ್ಲೀವ್ ಸಾಕು. ಕ್ರ್ಯಾಂಕ್‌ಶಾಫ್ಟ್ ಕೂರೋ ಮೇನ್ ಬೇರಿಂಗ್ ಹತ್ತಿರ ಇದ್ರೆ, ಅಥವಾ ರಾಡ್ ಗೋಡೆ ಒಡ್ಕೊಂಡು ಆಚೆ ಬಂದಿದ್ರೆ ಆಸೆ ಬಿಡಿ.

6.
ಈಗಿನ ಕಾಲದ ಕೊರತೆ ಬೇರೆ. ಬಿಡಿಭಾಗ ಸಿಗುತ್ತೆ. ತುಂಬಾ ಬ್ಲಾಕುಗಳು ತೆಳ್ಳಗಿನ ಅಲ್ಯೂಮಿನಿಯಂನವು, ಅದನ್ನ ನಾಜೂಕಾಗಿ ಕೂಡಿಸೋ ಕೈ ಸಿಗೋದು ಕಷ್ಟ. ಹಾಗಾಗಿ ಸರ್ವಿಸ್ ಸೆಂಟರಿನವರು ನೇರ ‘ಹಾಫ್ ಎಂಜಿನ್ ಹಾಕ್ಬೇಕು ಸರ್’ ಅಂತಾರೆ. ನಿಮ್ಮಪ್ಪ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸೋರಾದ್ರೆ ಆ ಒಂದು ಸಾಲು ಮನೆಯ ಎಷ್ಟೋ ತಿಂಗಳ ದುಡಿಮೆ. ಮಾಮೂಲಿ ಪಾಲಿಸಿಯಲ್ಲಿ ನೀರು ಹೊಕ್ಕು ಎಂಜಿನ್ ಒಳಗೆ ಆದ ನಷ್ಟಕ್ಕೆ ಸಾಮಾನ್ಯವಾಗಿ ದುಡ್ಡು ಬರಲ್ಲ, ‘ಎಂಜಿನ್ ಪ್ರೊಟೆಕ್ಟ್’ ಅಂತ ಬೇರೆ ತಗೊಂಡಿರಬೇಕು. ಕ್ಲೇಮ್ ಒಪ್ಪಿದ ಮೇಲೂ, ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದಿರೋ ಗಾಡಿ ಬೆಲೆಯ 75% ದಾಟಿದ್ರೆ ಇಡೀ ಗಾಡಿಯನ್ನೇ ‘ಟೋಟಲ್ ಲಾಸ್’ ಲೆಕ್ಕಕ್ಕೆ ಹಾಕ್ತಾರೆ. ಆಗ ತೀರ್ಮಾನ ಮೆಕ್ಯಾನಿಕ್‌ದೂ ಅಲ್ಲ, ನಿಮ್ಮದೂ ಅಲ್ಲ.

ಕೊನೇದಾಗಿ ಒಂದು, ಇದನ್ನ ಮನೆಯವರಿಗೆ ಓದಿ ಹೇಳಿ. ಎಂಜಿನ್ ನಂಬರ್ ಕೆತ್ತಿರೋದು ಬ್ಲಾಕಿನ ಮೇಲೆ. ಹೊಲಿಸಿದ್ರೆ ನಂಬರ್ ಉಳಿಯುತ್ತೆ. ಬೇರೆ ಬ್ಲಾಕ್ ಹಾಕಿಸಿದ್ರೆ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು: ಕೆಎ-50 ಗಾಡಿಯಾದ್ರೆ ಯಲಹಂಕ ಆರ್‌ಟಿಒ, ಕೆಎ-04 ಆದ್ರೆ ಯಶವಂತಪುರ. ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ತು ಅಂತ ಬಿಲ್ ಇಲ್ಲದೆ ತಂದ ಬ್ಲಾಕಿನ ನಂಬರ್ ಯಾವುದೋ ಕದ್ದ ಕಾರಿನದಾಗಿದ್ರೆ, ಸ್ಟೇಷನ್‌ನಲ್ಲಿ ಉತ್ತರ ಹೇಳಬೇಕಾದವರು ನೀವು.