ಮೆಸ್ಸಿಸ್, ಹಾರ್ವೆಸ್ಟ್, ಸುಗ್ಗಿ

ಬೆಳೆ ಕೊಯ್ಯುವುದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಮೆಸ್ಸಿಸ್’ ಎಂಬ ಪದವಿದೆ. ‘ಮೆಟೆರೆ’ ಎಂದರೆ ಕೊಯ್ಯು. ಅದರಿಂದ ಹುಟ್ಟಿದ್ದು ಮೆಸ್ಸಿಸ್. ಕೊಯ್ಯುವ ಕೆಲಸ, ಕೊಯ್ದ ಪೈರು, ಕೊಯ್ಯುವ ಕಾಲ ಈ ಮೂರಕ್ಕೂ ರೋಮನ್ನರಿಗೆ ಇದೊಂದೇ ಪದ ಸಾಕಾಗಿತ್ತು. ನಮ್ಮ ‘ಕೊಯ್’ ಧಾತುವಿನಿಂದ ‘ಕೊಯ್ಲು’ ಬಂದ ಬಗೆಯೂ ಇದೇ. ಕುಡುಗೋಲು ಎಲ್ಲಿಯದಾದರೂ ಅದು ಭಾಷೆಗೆ ಕೊಡುವ ಕಾಣಿಕೆ ಒಂದೇ ತೆರನಾದುದು.

ಮೆಸ್ಸಿಸ್‌ನ ಸಂತತಿ ಇಂದಿಗೂ ಬಾಳುತ್ತಿದೆ. ಇಟಲಿಯಲ್ಲಿ ಅದು ‘ಮೆಸ್ಸೆ’, ಸ್ಪೇನಿನಲ್ಲಿ ‘ಮಿಯೆಸ್’. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹೊಸ ಪಂಚಾಂಗವನ್ನು ಜಾರಿಗೆ ತಂದಾಗ, ಜೂನ್ ಉತ್ತರಾರ್ಧದಲ್ಲಿ ಮೊದಲಾಗುವ ತಿಂಗಳಿಗೆ ‘ಮೆಸ್ಸಿದೋರ್’ ಎಂದು ಹೆಸರಿಟ್ಟರು. ಕೊಯ್ಲಿನ ಕೊಡುಗೆ ಎಂಬುದು ಅದರ ಅರ್ಥ. 1806ರ ಆರಂಭದಲ್ಲಿ ಆ ಪಂಚಾಂಗವನ್ನೇ ಕೈಬಿಡಲಾಯಿತು. ಅಪ್ಪಣೆಯಿಂದ ಬಂದ ಹೆಸರು ಅಪ್ಪಣೆಯಿಂದಲೇ ಹೋಯಿತು.

ಇಂಗ್ಲಿಷಿನ ‘ಹಾರ್ವೆಸ್ಟ್’ ಪದದ ಕಥೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದು ಒಂದು ಋತುವಿನ ಹೆಸರು. ಜರ್ಮನರು ಇಂದಿಗೂ ಶರತ್ಕಾಲವನ್ನು ‘ಹೆರ್ಬ್‌ಸ್ಟ್’ ಎನ್ನುತ್ತಾರೆ. ಮುಂದೆ ಇಂಗ್ಲೆಂಡಿನಲ್ಲಿ ಜನ ಹೊಲ ಬಿಟ್ಟು ಪಟ್ಟಣ ಸೇರಿದಂತೆ ಋತುವಿಗೂ ಕೊಯ್ಲಿಗೂ ಇದ್ದ ನಂಟು ಸಡಿಲವಾಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಋತುವಿಗೆ ‘ಆಟಮ್’, ‘ಫಾಲ್’ ಎಂಬ ಪದಗಳು ಬಂದವು. ‘ಹಾರ್ವೆಸ್ಟ್’ ಎಂಬುದು ಕೆಲಸಕ್ಕೂ ಫಸಲಿಗೂ ಮಾತ್ರ ಉಳಿಯಿತು. ಇಲ್ಲಿ ನಾವು ದಿನನಿತ್ಯ ಆಡುವ ‘ಫಾಲ್’ ಎಂಬ ಮಾತಿನ ಹಿಂದೆ ಹೀಗೊಂದು ಅಗಲಿಕೆ ಅಡಗಿದೆ.

ನಮ್ಮ ‘ಸುಗ್ಗಿ’ಯೂ ಇಂಥದೇ ದಾರಿಯಲ್ಲಿ ನಡೆದಿದೆ. ಹಳಗನ್ನಡದಲ್ಲಿ ಸುಗ್ಗಿ ಎಂದರೆ ವಸಂತ. ತುಳುನಾಡಿನಲ್ಲಿ ಅದು ಇಂದಿಗೂ ವರ್ಷದ ಕೊನೆಯ ತಿಂಗಳ ಹೆಸರು. ಮಾರ್ಚಿ-ಏಪ್ರಿಲ್ ಹೊತ್ತಿಗೆ ಬರುತ್ತದೆ. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳಲ್ಲಿ ಎರಡನೆಯದೂ ಸುಗ್ಗಿಯೇ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಹೋಳಿಹುಣ್ಣಿಮೆಯ ಸುಮಾರಿಗೆ ನಡೆಯುತ್ತದೆ. ಮೈಸೂರು ಸೀಮೆಯವರಿಗಾದರೋ ಸುಗ್ಗಿ ಎಂದೊಡನೆ ನೆನಪಾಗುವುದು ಜನವರಿಯ ಸಂಕ್ರಾಂತಿ, ಒಕ್ಕಣೆ ಮುಗಿದ ಕಣ, ಮೈತೊಳೆದು ಸಿಂಗರಿಸಿದ ದನಗಳು.

ಇದರಿಂದ ನಮಗೆ ತಿಳಿಯುವುದೇನು? ನ್ಯೂಯಾರ್ಕ್-ನ್ಯೂಜೆರ್ಸಿಯ ಹಿಮದಲ್ಲಿ ಎಳ್ಳುಬೆಲ್ಲ ಹಂಚಿ ಅದನ್ನು ಸುಗ್ಗಿ ಎನ್ನುವುದು ಹುಸಿಯಲ್ಲವೇ ಎಂದು ಕೇಳುವವರಿದ್ದಾರೆ. ಮಕ್ಕಳೂ ಕೇಳುತ್ತಾರೆ. ಹೊಲವಿಲ್ಲ, ಕಣವಿಲ್ಲ, ಮರದಲ್ಲಿ ಎಲೆಯೂ ಇಲ್ಲ. ಆದರೆ ಸುಗ್ಗಿಗೆ ಕನ್ನಡನಾಡಿನಲ್ಲೇ ಒಂದು ತಿಥಿ ಎಂದೂ ಇರಲಿಲ್ಲ. ಘಟ್ಟ ಇಳಿದರೆ ಒಂದು ತಿಂಗಳು, ಹತ್ತಿದರೆ ಇನ್ನೊಂದು. ಕಾಲ ಬದಲಾದುದರಿಂದ ಆ ಪದ ಸಾಯಲಿಲ್ಲ. ಅಪಾಯವಿರುವುದು ಬೇರೆಡೆ: ‘ಹಾರ್ವೆಸ್ಟ್’ ಋತುವನ್ನು ಕಳೆದುಕೊಂಡಿತು, ನಮ್ಮ ಮನೆಗಳಲ್ಲಿ ‘ಸುಗ್ಗಿ’ ಕೆಲಸವನ್ನೇ ಕಳೆದುಕೊಂಡು ಬರಿಯ ವೇದಿಕೆಯ ಕಾರ್ಯಕ್ರಮದ ಹೆಸರಾಗಿ ಉಳಿದೀತು. ಕಣ, ಮೇಟಿ, ಹೊರೆ, ರಾಶಿ, ತೂರುವುದು, ಕೇರುವುದು ಎಂಬ ಅದರ ಬಳಗವೆಲ್ಲ ಒಂದೇ ತಲೆಮಾರಿನಲ್ಲಿ ಮರೆಯಾದೀತು.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ನ್ಯೂಜೆರ್ಸಿಯನ್ನು ‘ಗಾರ್ಡನ್ ಸ್ಟೇಟ್’ ಎಂದು ಸುಮ್ಮನೆ ಕರೆಯುವುದಿಲ್ಲ. ಶರತ್ಕಾಲದಲ್ಲಿ ಅದರ ದಕ್ಷಿಣದ ಪೈನ್‌ಲ್ಯಾಂಡ್ಸ್ ಸೀಮೆಯಲ್ಲಿ ಕ್ರ್ಯಾನ್‌ಬೆರಿ ಗದ್ದೆಗಳಿಗೆ ನೀರು ತುಂಬಿಸಿ, ತೇಲಿಬಂದ ಕೆಂಪು ಹಣ್ಣನ್ನು ಒಟ್ಟುಮಾಡುತ್ತಾರೆ. ಹಡ್ಸನ್ ಕಣಿವೆಯಲ್ಲಿ ಸೇಬು ಕೀಳುವ ಕಾಲವೂ ಅದೇ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಿಯರು ಅದನ್ನು ‘ಆ್ಯಪಲ್ ಪಿಕಿಂಗ್’ ಎನ್ನುವ ಬದಲು ‘ಸೇಬಿನ ಸುಗ್ಗಿ’ ಎಂದರೆ ಸಾಕು, ಪದಕ್ಕೆ ಮತ್ತೆ ಮಣ್ಣಿನ ವಾಸನೆ ಬರುತ್ತದೆ. ಜನವರಿಯಲ್ಲಿ ಎಳ್ಳುಬೆಲ್ಲದ ಜೊತೆಗೆ ಹಿರಿಯರೊಬ್ಬರು ಕಣ ಮಾಡುವ ಬಗೆಯನ್ನು ಹತ್ತು ನಿಮಿಷ ಹೇಳಿದರೆ ಇನ್ನೂ ಲೇಸು.

ರೋಮನ್ನರ ಮೆಸ್ಸಿಸ್ ಅವರ ಸಾಮ್ರಾಜ್ಯ ಅಳಿದ ಮೇಲೂ ಉಳಿದದ್ದು ಹೊಲದಲ್ಲಿ ದುಡಿಯುವವರ ನಾಲಗೆಯ ಮೇಲೆ. ಪದವನ್ನು ಉಳಿಸುವುದು ಬಳಕೆ. ನಮ್ಮ ಸಂಘದ ಈ ಹುಟ್ಟುಹಬ್ಬದಂದು ಆ ಬಳಕೆಯ ಸಂಕಲ್ಪವನ್ನು ನಾವೆಲ್ಲರೂ ಕೂಡಿ ಮಾಡೋಣ.