ಎಡೆಕುಂಟೆಯ ಅಳತೆ

ಆರಿದ್ರಾ ಮಳೆ ಹಿಡಿದು ಬಿತ್ತನೆ ಮುಗಿದ ಮೂರನೇ ವಾರಕ್ಕೆ ನಮ್ಮ ಅಂಗಡಿ ಮುಂದೆ ಕುಂಟೆಯ ಅಲಗುಗಳ, ಅಂದರೆ ಕುಡಗಳ, ರಾಶಿ ಬೀಳುತ್ತದೆ. ಕೂಡ್ಲಿಗಿ ಕಡೆಯ ಶೇಂಗಾ ಹೊಲದ ಕುಡ ಗಿಡ್ಡ, ಹಡಗಲಿ ಎರೆಹೊಲದ ಜೋಳದ ಕುಡ ಉದ್ದ, ಹರಪನಹಳ್ಳಿ ದಾರಿಯಿಂದ ಬರುವ ಮೆಕ್ಕೆಜೋಳದ್ದು ಇನ್ನೂ ಅಗಲ. ಚೀಟಿ ಕಟ್ಟದಿದ್ದರೂ ಯಾವ ಸೀಮೆಯದು, ಯಾವ ಬೆಳೆಯದು ಅಂತ ಅಗಲ ನೋಡಿಯೇ ಹೇಳಬಹುದು. ನನ್ನದು ಕೊಟ್ಟೂರಿನಲ್ಲಿ ವೆಲ್ಡಿಂಗ್ ಮತ್ತು ರಿಪೇರಿ ಅಂಗಡಿ. ಅಪ್ಪ ಹತ್ತಿರದ ಹಳ್ಳಿಯಲ್ಲಿ ಕುಲುಮೆ ನಡೆಸಿದವರು, ಅಜ್ಜನೂ ಅದನ್ನೇ ಮಾಡಿದವರು. ಈಗ ಇದೇ ಅಂಗಡಿಗೆ ಎತ್ತಿನ ಎಡೆಕುಂಟೆ ಬರುತ್ತದೆ, ಸೈಕಲ್ ಕುಂಟೆ ಬರುತ್ತದೆ, ಪೆಟ್ರೋಲಿನ ಪವರ್ ವೀಡರ್ ಬರುತ್ತದೆ, ಕಾಲೇಜು ಅಂಗಳದ ಹುಲ್ಲು ಕತ್ತರಿಸುವ ಲಾನ್ ಮೋವರ್ ಕೂಡ ಬರುತ್ತದೆ. ಎಲ್ಲದರಲ್ಲೂ ಮುಂದೆ ಅಲಗು, ಹಿಂದೆ ನಡೆಯುವ ಮನುಷ್ಯ. ಆದರೆ ನಮ್ಮ ಸೀಮೆಯ ಅಲಗಿಗೆ ಕಸ ಕೊಯ್ಯುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅದನ್ನು ಮರೆತು ಮಾತಾಡುವುದು ಹೆಚ್ಚಾಗಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಎಡೆಕುಂಟೆಯನ್ನು ನೋಡದ ಹುಡುಗರು ಈಗ ಹಳ್ಳಿಯಲ್ಲೂ ಇದ್ದಾರೆ, ಅವರಿಗಾಗಿ ಒಂದಿಷ್ಟು ಹೇಳುತ್ತೇನೆ. ಅಡ್ಡಕ್ಕೆ ಒಂದು ದಿಂಡು, ಹೆಚ್ಚಾಗಿ ಕರಿಜಾಲಿಯದು. ದಿಂಡಿನಿಂದ ಕೆಳಗೆ ಇಳಿದ ಎರಡು ತಾಳು. ತಾಳಿನ ತುದಿಗಳಿಗೆ ಅಡ್ಡಲಾಗಿ ಕೂರಿಸಿದ ಕಬ್ಬಿಣದ ಅಲಗೇ ಕುಡ. ಅದು ಅಲ್ಲಾಡದಂತೆ ಹಿಡಿಯಲು ಎರಡು ಬಳೆ. ಮುಂದಕ್ಕೆ ಈಸು ಹೋಗಿ ನೊಗಕ್ಕೆ ಸೇರುತ್ತದೆ, ಹಿಂದೆ ಹಿಡಿಯಲು ಮೇಳಿ. ಹೊಲ ಹರಗುವ ದೊಡ್ಡ ಕುಂಟೆ ಒಂದು ಜೋಡಿ ಎತ್ತಿಗೆ ಒಂದೇ. ಬೆಳೆ ನಡುವೆ ಓಡಿಸುವ ಎಡೆಕುಂಟೆ ಹಗುರ, ಹಾಗಾಗಿ ಒಂದೇ ನೊಗಕ್ಕೆ ಎರಡು ಕಟ್ಟುತ್ತಾರೆ, ಕೆಲವರು ಮೂರೂ ಕಟ್ಟುತ್ತಿದ್ದರು. ಕುಂಟೆಗೆ ಒಬ್ಬೊಬ್ಬ ಆಳು ಹಿಂದೆ ನಡೆಯಬೇಕು. ಎತ್ತು ಪೈರಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟಬೇಕು.

ಕುಡದ ಅಗಲವನ್ನು ಗೊತ್ತು ಮಾಡುವುದು ಸಾಲಿನಲ್ಲಿ ಬಿತ್ತುವ ಕೂರಿಗೆ. ಜೋಳದ ಸಾಲಿಗೂ ಸಾಲಿಗೂ ನಡುವೆ ಒಂದು ಮೊಳ, ಅಂದರೆ ಹದಿನೆಂಟು ಇಂಚು. ಶೇಂಗಾಕ್ಕೆ ಒಂದು ಗೇಣು ನಾಲ್ಕು ಬೆರಳು, ಸುಮಾರು ಒಂದಡಿ. ಎರಡೂ ಪಕ್ಕದ ಗಿಡಕ್ಕೆ ಮೂರು ಮೂರು ಬೆರಳು ಜಾಗ ಬಿಟ್ಟು ಕುಡ ಮಾಡಬೇಕು. ಹಾಗಾಗಿ ಶೇಂಗಾದ ಕುಡ ಏಳೆಂಟು ಇಂಚಿನದು, ಜೋಳದ್ದು ಒಂದಡಿ ದಾಟುತ್ತದೆ. ಒಂದಿಂಚು ಹೆಚ್ಚಾದರೆ ಬೇರು ಕೀಳುತ್ತದೆ, ಒಂದಿಂಚು ಕಡಿಮೆಯಾದರೆ ಸಾಲಿನ ಅಂಚಿನ ಕಸ ಹಾಗೇ ನಿಲ್ಲುತ್ತದೆ. ಗಿಡದ ಬುಡದಲ್ಲಿ ಉಳಿದದ್ದನ್ನು ಹೆಣ್ಣಾಳುಗಳು ಕಳೆ ಕೀಳುವ ಕುರ್ಚಿಗೆ ಹಿಡಿದು ಕೂತು ತೆಗೆಯಬೇಕು. ಕುಡದ ಅಳತೆ ತಪ್ಪಿದರೆ ಆ ಹೆಣ್ಣುಮಕ್ಕಳ ಬೆನ್ನಿನ ಮೇಲೆ ಇನ್ನೆರಡು ದಿನದ ಕೆಲಸ ಬೀಳುತ್ತದೆ. ಅಪ್ಪ ಅಳತೆಯ ವಿಷಯದಲ್ಲಿ ಯಾರ ಮುಲಾಜಿಗೂ ಬಗ್ಗುತ್ತಿರಲಿಲ್ಲ. "ಮೊದ್ಲು ಕೂರಿಗಿ ತಗಂಬಾ, ಆಮ್ಯಾಲೆ ಕುಡ ಮಾಡ್ತೀನಿ" ಅಂತ ಗಿರಾಕಿಯನ್ನು ವಾಪಸು ಕಳಿಸುತ್ತಿದ್ದರು. ಕೂರಿಗೆಯ ತಾಳಿಗೆ ಗೇಣು ಹಾಕಿ ನೋಡಿಯೇ ಕಬ್ಬಿಣವನ್ನು ಬೆಂಕಿಗಿಡುತ್ತಿದ್ದರು.

ಬಿತ್ತಿದ ಹದಿನೈದು ಇಪ್ಪತ್ತು ದಿನಕ್ಕೆ ಮೊದಲ ಎಡೆ, ಒಂದು ತಿಂಗಳ ಮೇಲೆ ಎರಡನೆಯದು. ಶೇಂಗಾ ಹೂಬಿಟ್ಟು ನೆಲಕ್ಕೆ ಸೂಜಿ ಇಳಿಸಲು ಶುರುಮಾಡಿದ ಮೇಲೆ ಕುಂಟೆ ಒಳಗೆ ಹೋಗಬಾರದು, ಕಾಯಿ ಕಟ್ಟುವುದು ಕೆಡುತ್ತದೆ. ಜೋಳಕ್ಕಾದರೆ ಮೂರನೇ ಎಡೆಯನ್ನೂ ಹೊಡೆಯುತ್ತಿದ್ದರು. ಕಸವೇ ಇಲ್ಲದ ಹೊಲಕ್ಕೂ ಎಡೆ ಹೊಡೆಯುತ್ತಿದ್ದರು ಎಂಬುದು ಮುಖ್ಯ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಮಸಾರಿ ನೆಲ ಜೋರು ಮಳೆಯಾಗಿ ಬಿಸಿಲು ಬಿದ್ದರೆ ಮೇಲೆ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆ ಇಂಗದೆ ಹರಿದು ಹೋಗುತ್ತದೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎರೆ ಒಣಗಿದರೆ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ತೇವವೆಲ್ಲ ಆರುತ್ತದೆ. ಕುಡ ಎರಡು ಬೆರಳು ಆಳದಲ್ಲಿ ಓಡಿದರೆ ಮಸಾರಿಯ ಹೆಪ್ಪು ಒಡೆಯುತ್ತದೆ, ಎರೆಯ ಬಿರುಕು ಮುಚ್ಚುತ್ತದೆ. ಮೇಲೆ ಉದುರು ಮಣ್ಣಿನ ಹೊದಿಕೆ ಬಿದ್ದು ಕೆಳಗಿನ ಹಸಿ ಉಳಿಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ನಡುವೆ ವಾರಗಟ್ಟಲೆ ಕೈಕೊಡುವ ಈ ನಾಡಿನಲ್ಲಿ ಆ ಹೊದಿಕೆಯೇ ಬೆಳೆಯ ಜೀವ. ಎಡೆ ಹೊಡೆದರೆ ಅರ್ಧ ಮಳೆ ಬಂದಂತೆ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಸರಕಾರಿ ಕೃಷಿ ವಿಜ್ಞಾನ ಈ ಮಾತಿನ ಹತ್ತಿರ ಬರಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ 1730ರ ದಶಕದಲ್ಲಿ ಪುಸ್ತಕ ಬರೆದು, ಸಾಲಿನಲ್ಲಿ ಬಿತ್ತಿ ಸಾಲಿನ ನಡುವೆ ಕುದುರೆಯಿಂದ ಕುಂಟೆ ಹೊಡೆಸಬೇಕೆಂದು ವಾದಿಸಿದ. ಅಲ್ಲಿನ ರೈತರಿಗೆ ಅದು ಹೊಸದು. 1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಕಂಪನಿಯ ಅಧಿಕಾರಿ ಹೊಲದಲ್ಲಿ ಕೂರಿಗೆ ಓಡುತ್ತಿದ್ದುದನ್ನು ಕಂಡು ಬೆರಗಾದ. ಅದು ಯೂರೋಪಿನ ಇತ್ತೀಚಿನ ಶೋಧ ಎಂದೇ ಅವನು ಅಲ್ಲಿಯವರೆಗೆ ತಿಳಿದಿದ್ದ. ಇಲ್ಲಿನ ರೈತರಿಗೆ ಅದು ಅಜ್ಜನ ಕಾಲದ ಸಾಮಾನು. ಅವನ ಬರಹ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ನಮ್ಮ ಕಾಲಕ್ಕೆ ಅದನ್ನು ಮತ್ತೆ ಮುಂದೆ ತಂದವರು ಇತಿಹಾಸಕಾರ ಧರ್ಮಪಾಲ್. 1893ರ ವರದಿಯಲ್ಲಿ ಕೃಷಿ ರಸಾಯನ ತಜ್ಞ ಜಾನ್ ಆಗಸ್ಟಸ್ ವೋಲ್ಕರ್ ಕೂಡ ಭಾರತದ ರೈತನ ಎಚ್ಚರದ ಬೇಸಾಯವನ್ನು ಮನಸಾರೆ ಹೊಗಳಿದ.

ನಮ್ಮ ಸೀಮೆ 1800ರಲ್ಲಿ ನಿಜಾಮರಿಂದ ಕಂಪನಿಗೆ ಹೋದದ್ದು, ಥಾಮಸ್ ಮನ್ರೋ ಕಲೆಕ್ಟರಾಗಿ ಹೊಲ ಹೊಲ ಅಳೆಸಿ ಕಂದಾಯ ಕಟ್ಟಿದ್ದು ಎಲ್ಲರಿಗೂ ಗೊತ್ತು. 1953ರಲ್ಲಿ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ನಮ್ಮ ಈ ತಾಲ್ಲೂಕುಗಳೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಇಷ್ಟೆಲ್ಲ ಹದ್ದು ಬದಲಾದದ್ದರಿಂದ ಸಾಲಿನ ಅಳತೆ ಕದಲಲಿಲ್ಲ. ಎಡೆ ಬೇಸಾಯವನ್ನು ಅಲ್ಲಾಡಿಸಿದ್ದು ಬರ, ಆಮೇಲೆ ಮೆಕ್ಕೆಜೋಳ.

1876ರಿಂದ 78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ದೊಡ್ಡದು. ಜನ ಸತ್ತರು, ಅವರಿಗಿಂತ ಮೊದಲೇ ದನ ಸತ್ತವು. ಎತ್ತಿಲ್ಲದ ಮನೆಗೆ ಮಳೆ ಬಂದರೂ ಉಪಯೋಗವಿಲ್ಲ. ಬಿತ್ತನೆ ಹೇಗೋ ಆದೀತು, ಎಡೆ ಹೊಡೆಯುವವರು ಯಾರು? ಬರ ಮುಗಿದ ಮೇಲೂ ಬೇಸಾಯ ಚೇತರಿಸಿಕೊಳ್ಳಲು ವರ್ಷಗಳು ಹಿಡಿದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಕಾಣುತ್ತದೆ. 1906ರಲ್ಲಿ ಬಳ್ಳಾರಿ ಬಳಿಯ ಹಗರಿಯಲ್ಲಿ ಸರಕಾರಿ ಕೃಷಿ ಕೇಂದ್ರ ಶುರುವಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ತಕ್ ಜೊತೆಗೆ ಹಗರಿಯಲ್ಲೂ ಒಣಬೇಸಾಯದ ಪ್ರಯೋಗಗಳು ನಡೆದವು. ಬದು ಹಾಕುವುದು, ಸಾಲು ಅಗಲಿಸುವುದು, ಎಡೆ ಹೊಡೆದು ತೇವ ಹಿಡಿಯುವುದು ಆ ಒಣಬೇಸಾಯದ ಪಾಠಗಳು. ನಮ್ಮವರಿಗೆ ಮೂರನೆಯದು ಹೊಸದೇನಲ್ಲ.

ಇನ್ನು ಕುಡವನ್ನು ನೋಡಿಕೊಳ್ಳುವುದು. ಆಯಗಾರಿಕೆ ನಡೆಯುತ್ತಿದ್ದ ಕಾಲದಲ್ಲಿ ರೈತ ಕಮ್ಮಾರನಿಗೆ ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮೊರದಲ್ಲಿ ಆಯ ಅಳೆಯುತ್ತಿದ್ದರು, ಅದಕ್ಕೆ ಬದಲಾಗಿ ವರ್ಷವಿಡೀ ಎಷ್ಟು ಸಲ ತಂದರೂ ಕುಡ ಹಣಿದು ಕೊಡಬೇಕು. ಬಡಿಗ ದಿಂಡು ತಾಳಿನ ಹೊಣೆ, ಕಮ್ಮಾರ ಕುಡ ಬಳೆಯ ಹೊಣೆ. ಒಕ್ಕಲು ಮನೆಯವರ ಬೆಳೆ ಚೆನ್ನಾದರೆ ನಮ್ಮ ಆಯವೂ ಹೆಚ್ಚು, ಹಾಗಾಗಿ ಅವರ ಕುಡದ ಮೊನೆ ನಮ್ಮ ಅನ್ನದ ವಿಷಯವೇ ಆಗಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಕಣದಲ್ಲಿ ಕೈಯೊಡ್ಡಿ ನಿಲ್ಲುವ ಸಂಕಟವೂ ಇತ್ತು. ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಬಿತ್ತನೆಗೆ ಮುಂಚೆ ಇಡೀ ಊರಿನ ಕುಂಟೆಗಳನ್ನು ಒಬ್ಬನೇ ಮನುಷ್ಯ ಸಾಲಾಗಿ ನೋಡುತ್ತಿದ್ದ ಏರ್ಪಾಡು ಮತ್ತೆ ಬರಲಿಲ್ಲ.

ಕುಡ ಸವೆದರೆ ಮೊನೆ ದುಂಡಗಾಗಿ ಮಣ್ಣಿನ ಮೇಲೆ ಜಾರುತ್ತದೆ. ಆಗ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಮುಂದಿನ ಅಂಚನ್ನು ಹಣಿಯಬೇಕು. ಒಬ್ಬರು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಜಾಗ ತೋರಿಸಿದರೆ ಇನ್ನೊಬ್ಬರು ಸಮಟಿ ಹೊಡೆಯುವುದು. ಅಂಚು ತೆಳ್ಳಗಾದ ಮೇಲೆ ನೀರಿಗೆ ತುದಿಯಷ್ಟೇ ತೋರಿಸಬೇಕು, ಪೂರ್ತಿ ಮುಳುಗಿಸಿದರೆ ಕಲ್ಲು ತಾಗಿದ ಕಡೆ ಚೂರು ಹಾರುತ್ತದೆ. ನಮ್ಮ ಮಸಾರಿಯಲ್ಲಿ ನೊರಜುಗಲ್ಲು ಹೆಚ್ಚು, ಆದ್ದರಿಂದ ಕುಡ ಅತಿ ಗಡಸಾಗಬಾರದು. ಎರೆಗೆ ಗಡಸಾದರೂ ನಡೆಯುತ್ತದೆ. ಈಗ ಹೆಚ್ಚಿನ ಕುಡ ಲಾರಿಯ ಹಳೆ ಕಮಾನು ಪಾಟಾದಿಂದಲೇ ಆಗುವುದು. ಸಂಡೂರು-ಹೊಸಪೇಟೆ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದ ವರ್ಷಗಳಲ್ಲಿ ಗುಜರಿಗೆ ಹೋದರೆ ಬೇಕಾದಷ್ಟು ಪಾಟಾ ಸಿಗುತ್ತಿತ್ತು. ಅದು ಒಳ್ಳೆ ಉಕ್ಕು.

"ಮಾವ, ಕುಡ ಮಣ್ಣು ಹಿಡಿಯವಲ್ದು" ಅಂತ ಬರುವವರಲ್ಲಿ ಎಷ್ಟೋ ಜನರಿಗೆ ಮೊನೆ ಸರಿಯೇ ಇರುತ್ತದೆ. ಕೆಟ್ಟಿರುವುದು ಓರೆ. ಈಸನ್ನು ನೊಗಕ್ಕೆ ಗಿಡ್ಡ ಕಟ್ಟಿದ್ದರೆ ಕುಡ ಎದ್ದು ತೇಲುತ್ತದೆ, ಹಗ್ಗವನ್ನು ಸ್ವಲ್ಪ ಸಡಿಲಿಸಿ ಉದ್ದ ಬಿಟ್ಟರೆ ಕಚ್ಚುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಕುಡ ಬಿಚ್ಚಿ ಅನ್ನುತ್ತೇನೆ.

ಎತ್ತು ಕಮ್ಮಿಯಾದದ್ದು ನಮ್ಮ ಕಣ್ಣ ಮುಂದೆಯೇ. ಶಿವರಾತ್ರಿ ಮುಗಿಯುತ್ತಲೇ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ಬಸವೇಶ್ವರನ ಜಾತ್ರೆ, ಅದರ ಜೊತೆ ದನದ ಜಾತ್ರೆ. ನದಿ ದಂಡೆಯಲ್ಲಿ ಎತ್ತಿನ ಹಲ್ಲು ನೋಡುವವರು, ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವವರು, ಪಕ್ಕದಲ್ಲೇ ಹಗ್ಗ, ಬಾರುಕೋಲು, ಕುಂಟೆ ದಿಂಡು ಮಾರುವವರು. ಹಿಂದೆ ಒಳ್ಳೆ ಎಡೆ ಎತ್ತು ಬೇರೆ, ಗಾಡಿ ಎತ್ತು ಬೇರೆ. ಎಡೆಗೆ ಬೇಕಾದ್ದು ಸಾಲು ತುಳಿಯದ, ಅವಸರ ಮಾಡದ ಎತ್ತು. ಅಂಥದ್ದನ್ನು ಪಳಗಿಸುವವರೂ ಈಗ ಕಡಿಮೆ. ಮೆಕ್ಕೆಜೋಳ ಬಂದ ಮೇಲೆ ಸಾಲು ಎರಡಡಿಯಾಯಿತು, ಹಳೆಯ ಕುಡಗಳು ಅಟ್ಟ ಸೇರಿದವು. ಟ್ರ್ಯಾಕ್ಟರು ಬಿತ್ತನೆಯನ್ನು ಕಿತ್ತುಕೊಂಡಿತು, ಕಳೆನಾಶಕ ಎಡೆಯನ್ನು ಕಿತ್ತುಕೊಂಡಿತು. ಔಷಧಿ ಹೊಡೆದ ಹೊಲದಲ್ಲಿ ಕಸ ಸಾಯುತ್ತದೆ ನಿಜ, ಆದರೆ ನೆಲದ ಹೆಪ್ಪು ಹಾಗೆಯೇ ಇರುತ್ತದೆ. ಇಪ್ಪತ್ತು ದಿನ ಮಳೆ ಹೋದರೆ ಎಡೆ ಹೊಡೆದ ಹೊಲಕ್ಕೂ ಹೊಡೆಯದ ಹೊಲಕ್ಕೂ ಇರುವ ವ್ಯತ್ಯಾಸ ಬದುವಿನ ಮೇಲೆ ನಿಂತರೇ ಕಾಣುತ್ತದೆ.

ಈ ಹೊತ್ತಿನಲ್ಲಿ ಸಣ್ಣ ರೈತರ ಕೈಹಿಡಿದದ್ದು ಸೈಕಲ್ ಕುಂಟೆ. ಹಳೆ ಸೈಕಲಿನ ಮುಂದಿನ ಗಾಲಿ, ಹ್ಯಾಂಡಲ್ಲು, ಗಾಲಿ ಹಿಂದೆ ಒಂದು ಕುಡ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯ ವೆಲ್ಡಿಂಗ್ ಅಂಗಡಿಯವರು ನೋಡಿ ನೋಡಿ ಮಾಡಿದ್ದು, ಊರಿಂದ ಊರಿಗೆ ಹರಡಿತು. ಒಬ್ಬರು ತಳ್ಳಿದರೆ ಸಾಕು. ನೆಲ ಗಟ್ಟಿ ಇದ್ದರೆ ಇನ್ನೊಬ್ಬರು ಮುಂದೆ ಹಗ್ಗ ಹಿಡಿದು ಎಳೆಯುತ್ತಾರೆ. ಎತ್ತು ಸಾಕಲಾಗದ ಎರಡೆಕರೆಯವರು, ಗಂಡ ಬೆಂಗಳೂರಿಗೆ ದುಡಿಯಲು ಹೋದ ಹೆಣ್ಣುಮಕ್ಕಳು ಇದರಲ್ಲಿ ಎಡೆ ಹೊಡೆಯುತ್ತಿದ್ದಾರೆ. ನನ್ನ ಕೈಯಿಂದ ಹೋದ ಸಾಮಾನುಗಳಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಇದರ ಬಗ್ಗೆಯೇ. ಕೊಳ್ಳುವವರು ಎರಡು ಸಂಗತಿ ನೋಡಿ: ಹ್ಯಾಂಡಲ್ಲು ನಿಮ್ಮ ಸೊಂಟದ ಎತ್ತರಕ್ಕೆ ಕೂಡಿಸುವಂತಿರಬೇಕು, ಕುಡ ಬೋಲ್ಟಿನಲ್ಲಿ ಬಿಚ್ಚುವಂತಿರಬೇಕು. ವೆಲ್ಡ್ ಮಾಡಿ ಅಂಟಿಸಿದ ಕುಡ ಮೊಂಡಾದರೆ ಹಣಿಯಲು ಬರುವುದಿಲ್ಲ.

ಲಾನ್ ಮೋವರ್‌ನ ವಂಶ ಬೇರೆ. ಇಂಗ್ಲೆಂಡಿನ ಸ್ಟ್ರೌಡ್ ಸೀಮೆಯ ಎಡ್ವಿನ್ ಬಡ್ಡಿಂಗ್ ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಯಂತ್ರ ನೋಡಿ, ಅದೇ ಸುರುಳಿ ಅಲಗನ್ನು ಹುಲ್ಲಿಗೆ ಒಗ್ಗಿಸಿ 1830ರಲ್ಲಿ ಪೇಟೆಂಟ್ ಪಡೆದ. ಮುಂದೆ ದೊಡ್ಡ ಮೋವರ್‌ಗಳನ್ನು ಕುದುರೆ ಎಳೆಯುತ್ತಿದ್ದವು, ಗೊರಸು ಹುಲ್ಲಿನಲ್ಲಿ ಹೂಳದಿರಲೆಂದು ಅವಕ್ಕೆ ತೊಗಲಿನ ಬೂಟು ಹಾಕುತ್ತಿದ್ದರು. ಅದು ಹುಲ್ಲನ್ನು ಉಳಿಸಿ ಕತ್ತರಿಸುವ ಯಂತ್ರ, ಬೇರನ್ನು ಮುಟ್ಟುವುದಿಲ್ಲ. ವರ್ಷವಿಡೀ ತುಂತುರು ಬೀಳುವ ನಾಡಿಗೆ ಅದು ಸರಿ. ನಮ್ಮಲ್ಲಿ ಸಂಸ್ಥೆಗಳ ಅಂಗಳದಲ್ಲಿ ಕೊಳವೆಬಾವಿಯ ನೀರಿನಿಂದ ಹಸಿರು ಮಾಡಿಕೊಂಡವರಿಗೆ ಬೇಕಾಗುತ್ತದೆ. ಕೆಳಗೆ ಗಿರಗಿರ ತಿರುಗುವ ಅಲಗಿನ ಪೆಟ್ರೋಲ್ ಮೋವರ್ ತಂದು, ಕಲ್ಲು ಆರಿಸದೆ ಓಡಿಸಿ, ಅಲಗು ಬಾಗಿಸಿಕೊಂಡು ಬರುತ್ತಾರೆ. ಕಲ್ಲಿಗೆ ಜೋರಾಗಿ ಬಡಿದರೆ ಇಂಜಿನ್ನಿನ ಕ್ರ್ಯಾಂಕ್ ದಂಡವೇ ಬಾಗುತ್ತದೆ. ಅದರ ರಿಪೇರಿ ಖರ್ಚು ಸಣ್ಣದಲ್ಲ.

ಅಂಥವರಿಗೆ ನಾನು ಹೇಳುವುದು ಇಷ್ಟು. ಕಲ್ಲು ಇರುವ ಜಾಗಕ್ಕೆ ಮೋವರ್ ಬೇಡ, ಹೆಗಲಿಗೆ ಹಾಕುವ ಬ್ರಷ್ ಕಟ್ಟರಿಗೆ ನೈಲಾನ್ ದಾರ ಸಾಕು. ಮೋವರ್ ಇದ್ದರೆ ಬೇಸಗೆಯಲ್ಲಿ ಅಲಗನ್ನು ಎತ್ತರ ಇಡಿ, ಒಂದೇ ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ಯಬೇಡಿ. ಕೆಳಗೆ ಕೈಹಾಕುವ ಮುಂಚೆ ಪ್ಲಗ್ಗಿನ ವೈರು ಕಿತ್ತಿಡಿ. ಅಲಗು ಮಸೆದ ಮೇಲೆ ನಡುವಿನ ತೂತಿಗೆ ಮೊಳೆ ಕೊಟ್ಟು ಗೋಡೆಗೆ ತೂಗುಹಾಕಿ ನೋಡಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಮಸೆಯಿರಿ. ತೂಕ ಸಮ ಇಲ್ಲದ ಅಲಗು ಅದುರಿ ಅದುರಿ ಇಂಜಿನ್ ತಿನ್ನುತ್ತದೆ. ನಮ್ಮ ಕೆಂಧೂಳಿಗೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ ಬೇಗ ಜಾಡಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ.

ಪವರ್ ವೀಡರ್ ವಿಷಯದಲ್ಲಿ ಮಾತ್ರ ನನಗೆ ಕಳವಳವಿದೆ. ಸಬ್ಸಿಡಿಯಲ್ಲಿ ಬಂದ ಯಂತ್ರ ಸಾಲಿಗಿಂತ ಅಗಲವಾಗಿದ್ದರೆ ಮುಂದಿನ ವರ್ಷ ರೈತ ಸಾಲನ್ನೇ ಅಗಲ ಮಾಡುತ್ತಾನೆ. ಶೇಂಗಾ ಸಾಲು ಅಗಲವಾದರೆ ಎಕರೆಗೆ ಗಿಡ ಕಡಿಮೆ, ನೆಲ ಮುಚ್ಚುವುದು ತಡ, ನಡುವೆ ಬಿಸಿಲು ಬಿದ್ದು ತೇವವೂ ಕಡಿಮೆ. ಹಲ್ಲುಗಳನ್ನು ಬಿಚ್ಚಿ ಅಗಲ ಕುಗ್ಗಿಸಲು ಬರುವ ಯಂತ್ರಗಳಿವೆ, ಅವನ್ನೇ ಕೇಳಿ ತನ್ನಿ. ಬರದಿದ್ದರೆ ನನ್ನಂಥ ಯಾರ ಹತ್ತಿರವಾದರೂ ಒಯ್ದು ಹೊರಗಿನ ಹಲ್ಲು ಕತ್ತರಿಸಿಕೊಳ್ಳಿ, ಆದರೆ ಬರುವಾಗ ಜೊತೆಗೆ ನಿಮ್ಮ ಕೂರಿಗೆಯನ್ನೂ ತನ್ನಿ. ಅಟ್ಟದ ಮೇಲಿನ ಹಳೆ ಕುಡ ಇದ್ದರೆ ಅದನ್ನೂ ತನ್ನಿ. ಅಂಗಡಿಯ ಒಳಗೋಡೆಯಲ್ಲಿ ಊರು, ಬೆಳೆ, ಇಂಚು ಅಂತ ಬಳಪದಲ್ಲಿ ಬರೆದಿಡುತ್ತಿದ್ದೇನೆ: ಶೇಂಗಾ ಏಳೂವರೆ, ಸಜ್ಜೆ ಹನ್ನೆರಡು, ಜೋಳ ಹದಿಮೂರು. ಹಡಗಲಿ ಕಡೆಯ ಹಳ್ಳಿಗಳ ಜಾಗ ಇನ್ನೂ ಖಾಲಿ ಇದೆ.